ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದರೆ ಮುಖ ಕಿತ್ತಳೆಯಾಗುತ್ತದೆ, ಬಿಟ್ಟರೆ ಫೋಟೋ ಸಪ್ಪೆ. ಎಡಿಟಿಂಗ್ ಎಲ್ಲಿಂದ ಶುರು ಮಾಡಲಿ?

ಸ್ಯಾಚುರೇಶನ್ ಸ್ಲೈಡರನ್ನು ಸೊನ್ನೆಗೆ ತಂದಿಟ್ಟು ಸದ್ಯಕ್ಕೆ ಮರೆತುಬಿಡಿ. ಬಣ್ಣ ಸಾಲದು ಅಂತ ನಿಮಗೆ ಅನ್ನಿಸುತ್ತಿರುವ ಫೋಟೋದಲ್ಲಿ ಸಾಲದೇ ಇರುವುದು ಬಹುಶಃ ಕಾಂಟ್ರಾಸ್ಟ್, ಅಂದರೆ ಕತ್ತಲು ಬೆಳಕಿನ ನಡುವಿನ ಅಂತರ.

ಹಿಸ್ಟೋಗ್ರಾಂ ತೆರೆದು ನೋಡಿ. ಚಿತ್ರದಲ್ಲಿ ಕಪ್ಪಿನಿಂದ (ಎಡ) ಬಿಳಿಯ (ಬಲ) ತನಕ ಯಾವ ಮಟ್ಟದ ಬೆಳಕು ಎಷ್ಟಿದೆ ಅಂತ ಗುಡ್ಡದ ಆಕಾರದಲ್ಲಿ ತೋರಿಸುವ ನಕ್ಷೆ ಅದು. ಗುಡ್ಡವೆಲ್ಲ ನಡುವೆ ಕೂತು ಎರಡೂ ತುದಿ ಖಾಲಿ ಬಿದ್ದಿದ್ದರೆ, ಆ ಚಿತ್ರದಲ್ಲಿ ಸರಿಯಾದ ಕಪ್ಪೂ ಇಲ್ಲ, ಸರಿಯಾದ ಬಿಳಿಯೂ ಇಲ್ಲ. ಫೋಟೋಶಾಪ್ ಅಥವಾ ಗಿಂಪ್ ಆದರೆ ಲೆವೆಲ್ಸ್‌ನಲ್ಲಿ, ಲೈಟ್‌ರೂಮ್ ಆದರೆ ವೈಟ್ಸ್ ಮತ್ತು ಬ್ಲ್ಯಾಕ್ಸ್‌ನಲ್ಲಿ ಎರಡೂ ತುದಿಗಳನ್ನು ಗುಡ್ಡದ ಬುಡದ ತನಕ ಎಳೆಯಿರಿ. ಫೋಟೋಶಾಪ್, ಲೈಟ್‌ರೂಮ್‌ಗಳಲ್ಲಿ ಆಲ್ಟ್ ಕೀ ಒತ್ತಿಹಿಡಿದು ಎಳೆದರೆ ಎಲ್ಲೆಲ್ಲಿ ವಿವರ ಹೋಗುತ್ತಿದೆ ಅನ್ನುವುದು ಪರದೆ ಮೇಲೇ ಕಾಣುತ್ತದೆ. ಮಂಜು ಮುಸುಕಿದ ದೃಶ್ಯಕ್ಕೆ ಮಾತ್ರ ಇದನ್ನು ಮಾಡಬೇಡಿ, ಅದರ ಚೆಂದ ಇರುವುದೇ ಆ ಬೂದಿನಲ್ಲಿ.

ಆಮೇಲೆ ಕರ್ವ್ಸ್, ಅಂದರೆ ಗೆರೆಯೊಂದನ್ನು ಬಗ್ಗಿಸಿ ಬೆಳಕು ತಿದ್ದುವ ಸಾಧನ. ನೆರಳಿನ ಕಡೆ ತುಸು ಕೆಳಗೆ, ಬೆಳಕಿನ ಕಡೆ ತುಸು ಮೇಲೆ, ಅಷ್ಟು ಸಾಕು. ಫೋಟೋಶಾಪ್‌ನ ಆರ್‌ಜಿಬಿ ಕರ್ವ್ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ಬಗ್ಗಿಸುವುದರಿಂದ ಅವುಗಳ ನಡುವಿನ ಅಂತರ ಹಿಗ್ಗಿ, ಕಾಂಟ್ರಾಸ್ಟ್ ಜೊತೆಗೆ ಬಣ್ಣವೂ ತಾನಾಗಿ ಗಾಢವಾಗುತ್ತದೆ. ಸ್ಯಾಚುರೇಶನ್ ಮುಟ್ಟದೆಯೇ ನಿಮಗೆ ಬೇಕಿದ್ದದ್ದು ಇಲ್ಲೇ ಸಿಕ್ಕಿಬಿಡಬಹುದು. ಬಣ್ಣ ಅತಿಯಾಯಿತು ಅನ್ನಿಸಿದರೆ ಕರ್ವ್ಸ್ ಲೇಯರಿನ ಬ್ಲೆಂಡ್ ಮೋಡನ್ನು (ಲೇಯರು ಕೆಳಗಿನ ಚಿತ್ರದ ಜೊತೆ ಬೆರೆಯುವ ರೀತಿ) ಲ್ಯೂಮಿನಾಸಿಟಿಗೆ ಬದಲಿಸಿ. ಆಗ ಬೆಳಕಷ್ಟೇ ಬದಲಾಗುತ್ತದೆ.

ಇನ್ನು ಮುಖ ಯಾಕೆ ಕಿತ್ತಳೆಯಾಗುತ್ತದೆ? ಯಾರ ಮೈಬಣ್ಣವೇ ಆಗಲಿ, ಮಾಮೂಲಿ ಬೆಳಕಿನಲ್ಲಿ ಕ್ಯಾಮೆರಾ ಅದನ್ನು ಕೆಂಪು ಹೆಚ್ಚು, ಹಸಿರು ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ ಅಂತ ಬರೆದುಕೊಂಡಿರುತ್ತದೆ. ಸ್ಯಾಚುರೇಶನ್ ಈ ಅಂತರವನ್ನೇ ಹಿಗ್ಗಿಸುತ್ತದೆ. ಕೆಂಪು ತನ್ನ ಗರಿಷ್ಠ ಮಟ್ಟವಾದ 255 ಮುಟ್ಟಿದ ಮೇಲೆ ಮುಂದೆ ಹೋಗಲು ಜಾಗವಿಲ್ಲ, ಹಾಗಾಗಿ ಕೆನ್ನೆಯ ಮೇಲಿನ ನಯವಾದ ಏರಿಳಿತ ಅಳಿಸಿಹೋಗಿ ಬಣ್ಣ ಮೆತ್ತಿದ ಹಾಗೆ ಕಾಣುತ್ತದೆ. ಕಡುಕೆಂಪು ಹೂವಿನ ದಳಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುವುದಕ್ಕೂ ಇದೇ ಕಾರಣ. ಬರೀ ಬೆಳಕಿನ ಹಿಸ್ಟೋಗ್ರಾಂ ನೋಡಿದರೆ ಇದು ಗೊತ್ತೇ ಆಗುವುದಿಲ್ಲ, ಕೆಂಪು, ಹಸಿರು, ನೀಲಿ ಮೂರೂ ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ತೋರಿಸುವ ಹಿಸ್ಟೋಗ್ರಾಂ ಇಟ್ಟುಕೊಳ್ಳಿ.

ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಆಗಲೇ ಹಳದಿ ಕಡೆಗೆ ವಾಲಿದ್ದರಂತೂ ಕೇಳುವುದೇ ಬೇಡ. ನಿಜಕ್ಕೂ ಮೊಟ್ಟಮೊದಲು ನೋಡಬೇಕಾದದ್ದು ಇದನ್ನೇ. ಚಿತ್ರದೊಳಗೆ ಬೂದು ಬಣ್ಣದ ವಸ್ತು ಏನಾದರೂ ಇದ್ದರೆ ಐಡ್ರಾಪರ್‌ನಿಂದ ಅದರ ಮೇಲೆ ಕ್ಲಿಕ್ ಮಾಡಿ. ಪೂರ್ತಿ ಬೆಳ್ಳಗಾಗಿ ವಿವರ ಕಳೆದುಕೊಂಡ ಜಾಗ ಬೇಡ, ಅಲ್ಲಿ ಅಳೆಯುವುದಕ್ಕೆ ಏನೂ ಉಳಿದಿರುವುದಿಲ್ಲ. ಬೆಳಕಿನ ಬಣ್ಣವನ್ನು ಅಳೆಯುವ ಕೆಲ್ವಿನ್ ಸ್ಲೈಡರ್ ಬಹಳ ಜನರಿಗೆ ಉಲ್ಟಾ ಅನ್ನಿಸುತ್ತದೆ. ಹಳೇ ಬಲ್ಬಿನ ಹಳದಿ ಬೆಳಕು ಸುಮಾರು 2800, ನಡು ಹಗಲಿನದು ಸುಮಾರು 5500. ಆದರೂ ಸ್ಲೈಡರ್ ಏರಿಸಿದರೆ ಚಿತ್ರ ಹಳದಿಯಾಗುತ್ತದೆ, ಯಾಕೆಂದರೆ ನೀವು ಹೇಳುತ್ತಿರುವುದು ಅಲ್ಲಿದ್ದ ಬೆಳಕು ಎಂಥದ್ದು ಅಂತ, ಸಾಫ್ಟ್‌ವೇರ್ ಅದಕ್ಕೆ ವಿರುದ್ಧವಾಗಿ ತಿದ್ದುತ್ತದೆ. ಸೂರ್ಯಾಸ್ತದ ಫೋಟೋವನ್ನು ಮಾತ್ರ ಹೀಗೆ ಲೆಕ್ಕಾಚಾರವಾಗಿ ಸರಿಮಾಡಲು ಹೋಗಬೇಡಿ.

ಇಷ್ಟಾದ ಮೇಲೂ ಬಣ್ಣ ಬೇಕೆನಿಸಿದರೆ ವೈಬ್ರೆನ್ಸ್ ಬಳಸಿ. ಅದು ಮಂಕಾದ ಬಣ್ಣಗಳನ್ನು ಹೆಚ್ಚು ಎತ್ತುತ್ತದೆ, ಚರ್ಮದ ಬಣ್ಣದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಮುಖ ಇನ್ನೂ ಕೆಂಪಗಿದೆಯೇ? ಒಂದೊಂದು ಬಣ್ಣವನ್ನೂ ಬೇರೆಯಾಗಿ ತಿದ್ದುವ ಎಚ್‌ಎಸ್‌ಎಲ್‌ನಲ್ಲಿ ಆರೆಂಜ್ ಒಂದರ ಸ್ಯಾಚುರೇಶನ್ನನ್ನೇ ಸ್ವಲ್ಪ ಇಳಿಸಿ.

ಸಾಧ್ಯವಿದ್ದರೆ ಫೋಟೋವನ್ನು ರಾ ಫೈಲ್‌ನಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ಮಾಹಿತಿ) ತೆಗೆಯಿರಿ. ಜೆಪೆಗ್‌ನಲ್ಲಿ ಪ್ರತಿ ಚಾನೆಲ್‌ಗೆ 256 ಮೆಟ್ಟಿಲುಗಳು, 14 ಬಿಟ್ ರಾನಲ್ಲಿ 16,384. ಜೆಪೆಗ್ ಆಕಾಶವನ್ನು ಜಾಸ್ತಿ ಎಳೆದಾಡಿದರೆ ಪಟ್ಟಿಪಟ್ಟಿಯಾಗುವುದು ಇದಕ್ಕೇ.

ಅಂದಹಾಗೆ, ರಾತ್ರಿ ಹೊತ್ತು ಎಡಿಟ್ ಮಾಡುವವರಾದರೆ ಪರದೆಯ ನೈಟ್ ಮೋಡ್ ಆಫ್ ಮಾಡಿದ್ದೀರಾ ನೋಡಿ. ಅದು ಆನ್ ಇದ್ದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಎಡಿಟರ್‌ನಲ್ಲಿ ಚೆನ್ನಾಗಿದ್ದು ಬೇರೆಡೆ ಹಾಕಿದಾಗ ಮಾತ್ರ ಮಂಕಾಗುತ್ತಿದ್ದರೆ ತಪ್ಪು ಎಡಿಟಿಂಗಿನದಲ್ಲದಿರಬಹುದು. ಅಡೋಬಿ ಆರ್‌ಜಿಬಿ ಎಂಬ ಬಣ್ಣದ ಮಾದರಿಯಲ್ಲಿ ಉಳಿಸಿದ ಫೈಲಿನ ಪ್ರೊಫೈಲನ್ನು (ಬಣ್ಣಗಳನ್ನು ಹೇಗೆ ಓದಬೇಕೆಂಬ ಸೂಚನೆ) ಕೆಲವು ಆ್ಯಪ್‌ಗಳು ಓದುವುದಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಸಾಮಾನ್ಯವಾಗಿ ಎಲ್ಲೆಡೆ ಬಳಕೆಯಲ್ಲಿರುವ ಎಸ್‌ಆರ್‌ಜಿಬಿ ಮಾದರಿಯನ್ನು ಆರಿಸಿಕೊಳ್ಳಿ.