ಲಿಮಾಕ್ಕೆ ಬಂದ ಕುಂದಾಪುರದವರಿಗೆ: ಸೆವಿಚೆಯ ಮೀನು ಮೊದಲು ಫ್ರೀಜರಿಗೆ

ಕೆಲಸದ ಮೇಲೆ ಪೆರುವಿಗೆ ಬಂದ ಕುಂದಾಪುರದವರೊಬ್ಬರು ಕೇಳಿದ್ದಾರೆ: ಲಿಮಾದಲ್ಲಿ ಮನೆ ಎಲ್ಲಿ ಹಿಡಿಯೋದು, ಕಾಗದಪತ್ರ ಹೇಗೆ? ಮುಂದಿನ ತಿಂಗಳು ಆಫೀಸಿನವರು ಊಟಕ್ಕೆ ಬರ್ತಾರೆ, ಸೆವಿಚೆ (ಹಸಿ ಮೀನನ್ನು ಲಿಂಬೆರಸದಲ್ಲಿ ಕಲಸಿದ ತಿನಿಸು) ಮನೆಯಲ್ಲೇ ಮಾಡಬಹುದಾ, ಲಿಂಬೆರಸದಲ್ಲಿ ಮೀನು ಬೆಂದುಬಿಡುತ್ತಂತಲ್ಲ? ನಾನು ಬಂದ ಹೊಸತರಲ್ಲಿ ಇದನ್ನೆಲ್ಲ ಕನ್ನಡದಲ್ಲಿ ಕೇಳೋಕೆ ಜನ ಇರಲಿಲ್ಲ, ಹಾಗಾಗಿ ಸ್ವಲ್ಪ ಉದ್ದವೇ ಆದೀತು.

ಕಾಗದಪತ್ರ ಕಂಪನಿಯ ವಕೀಲರಿಗೆ ಬಿಡಿ. ಮನೆ ಸಮುದ್ರಕ್ಕೆ ತೀರಾ ಹತ್ತಿರ ಬೇಡ, ಜೂನ್ ಬಂತೆಂದರೆ ಮಂಜಿನ ತೇವಕ್ಕೆ ಬಟ್ಟೆ ಒಣಗಲ್ಲ. ಇಷ್ಟು ಸಾಕು, ಮೀನಿಗೆ ಬರೋಣ.

ಬೇಯೋದಿಲ್ಲ ಮಾರಾಯ್ರೆ. ಹುಳಿ ತಾಗಿದಾಗ ಮೀನಿನ ಪ್ರೋಟೀನು ಗಟ್ಟಿಯಾಗಿ ಬೆಳ್ಳಗಾಗುತ್ತದೆ, ನೋಡೋಕೆ ಬೆಂದ ಹಾಗೆ ಕಾಣುತ್ತದೆ, ಅಷ್ಟೇ. ಮಾಂಸದೊಳಗಿನ ಅನಿಸಾಕಿಸ್ ಎಂಬ ಪರೋಪಜೀವಿ ಹುಳದ ಮರಿ ಲಿಂಬೆರಸದಲ್ಲಿ ಸಾಯಲ್ಲ. ಊರಲ್ಲಿ ಉಪ್ಪು, ಅರಿಶಿನ, ಲಿಂಬೆ ಸವರಿಟ್ಟ ಮೀನು ಆಮೇಲೆ ಕಾವಲಿಗೋ ಪದಾರ್ಥಕ್ಕೋ ಹೋಗುತ್ತದೆ. ಇಲ್ಲಿ ಆ ‘ಆಮೇಲೆ’ ಇಲ್ಲ. ಹುಳ ಸಾಯಬೇಕಾದರೆ ಮೀನನ್ನು ಫ್ರೀಜರಿನಲ್ಲಿ ಗಟ್ಟಿ ಮಾಡಬೇಕು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುವ ಲೆಕ್ಕ ಮೈನಸ್ 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 7 ದಿನ. ಮನೆಯ ಫ್ರೀಜರುಗಳು ಸಾಮಾನ್ಯವಾಗಿ ಮೈನಸ್ 18ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಒಂದು ಥರ್ಮಾಮೀಟರ್ ಒಳಗಿಟ್ಟು ನೋಡಿ, ಅಷ್ಟು ಇಳಿಯದಿದ್ದರೆ ಹಾಗೆ ಗಟ್ಟಿ ಮಾಡಿದ್ದನ್ನೇ ಕೊಳ್ಳಿ. ಲಿಮಾದವರು ಮೂಗು ಮುರಿಯುತ್ತಾರೆ, ತಾಜಾ ಬಿಟ್ಟರೆ ಸೆವಿಚೆಯೇ ಅಲ್ಲ ಅಂತಾರೆ. ಅನ್ನಲಿ. ಇದೇ ಕರಾವಳಿಯಲ್ಲಿ 1991ರಲ್ಲಿ ಕಾಲರಾ ಹಬ್ಬಿದಾಗ ಹಸಿ ಮೀನಿನ ಮೇಲೂ ಅನುಮಾನ ಬಿದ್ದಿತ್ತು. ಪಾತ್ರೆಗೆ, ಸೊಪ್ಪಿಗೆ, ಮಂಜುಗಡ್ಡೆಗೆ ಕುದಿಸಿ ಆರಿಸಿದ ನೀರನ್ನೇ ಬಳಸಿ.

ಮೀನು ಲೆಂಗ್ವಾದೋ ಅಥವಾ ಕೊರ್ವಿನಾ. ಮೊದಲನೆಯದು ನಮ್ಮ ನಂಗಿನ ಹಾಗೆ ಚಪ್ಪಟೆ, ಎರಡನೆಯದು ಕೊಡ್ಡಾಯಿಯ ಕುಲ. ಕಿವಿರು, ಕಣ್ಣು ನೋಡೋದನ್ನು ನಿಮಗೆ ಹೇಳಿಕೊಡಬೇಕಿಲ್ಲ. ಬೊನಿತೊ ಅಗ್ಗ, ಆದರೆ ಬೇಡ. ಸ್ವಲ್ಪ ಬಿಸಿಲು ತಾಗಿದರೂ ಅದರಲ್ಲಿ ಅಲರ್ಜಿಯ ಹಾಗೆ ಮೈ ಕೆಂಪೇರಿಸುವ ಹಿಸ್ಟಮಿನ್ ಏರುತ್ತದೆ, ಆಮೇಲೆ ಮಂಜಿಗಾಗಲಿ ಬೆಂಕಿಗಾಗಲಿ ಅದು ಹೋಗಲ್ಲ. ಬಂಗುಡೆಗೂ ಇದೇ ಗುಣ. ಹೊಳೆ ಮೀನಂತೂ ಬೇಡವೇ ಬೇಡ.

ನಾಲ್ಕು ಜನಕ್ಕೆ 600 ಗ್ರಾಂ ಮುಳ್ಳು, ಚರ್ಮ ತೆಗೆದ ಮೀನು. ಹಿಂದಿನ ರಾತ್ರಿ ಫ್ರೀಜರಿನಿಂದ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ, ಬಿಟ್ಟ ನೀರನ್ನು ಬಟ್ಟೆಯಲ್ಲಿ ಚೆನ್ನಾಗಿ ಒತ್ತಿ ತೆಗೆಯಿರಿ. ನೀರು ಉಳಿದರೆ ರಸ ಸಪ್ಪೆ. ಒಂದೂವರೆ ಸೆಂಟಿಮೀಟರಿನ ತುಂಡು ಮಾಡಿ, ಗಾಜಿನ ಬೋಗುಣಿಗೆ ಹಾಕಿ ಮಂಜುಗಡ್ಡೆಯ ಮೇಲಿಡಿ. ಅಲ್ಯೂಮಿನಿಯಂ ಬೇಡ, ಹುಳಿಗೆ ಲೋಹದ ರುಚಿ ಬಿಡುತ್ತದೆ.

ಲಿಂಬೆ 12ರಿಂದ 15, ಸಣ್ಣವು. ಪೆರುವಿನ ಉತ್ತರದ ಪಿಯುರಾ ಕಡೆಯಿಂದ ಬರುವ ಈ ತೆಳುಸಿಪ್ಪೆಯ ಲಿಂಬೆ ನಮ್ಮ ಕಾಗ್ಜಿ ಲಿಂಬೆಯ ಜಾತಿಯೇ, ಮೂಸಿದರೆ ಊರು ನೆನಪಾಗುತ್ತದೆ. ನಮ್ಮ ಕೈ ತಪ್ಪೋದು ಇಲ್ಲೇ: ಊರಲ್ಲಿ ಕೊನೇ ಹನಿವರೆಗೂ ಹಿಂಡುತ್ತೇವೆ. ಇಲ್ಲಿ ಮೆಲ್ಲಗೆ ಒಮ್ಮೆ ಹಿಂಡಿ ಬಿಟ್ಟುಬಿಡಿ. ಜೋರಾಗಿ ಹಿಂಡಿದರೆ ಸಿಪ್ಪೆಯ ಎಣ್ಣೆ ಇಳಿದು ರಸವೆಲ್ಲ ಕಹಿ. ಮುಂಚೆಯೇ ಹಿಂಡಿಟ್ಟ ರಸವೂ ಕಹಿಯಾಗುತ್ತದೆ.

ಅರ್ಧ ರಸ, 50 ಗ್ರಾಂ ಮೀನಿನ ಚೂರು, ಒಂದು ಎಸಳು ಬೆಳ್ಳುಳ್ಳಿ, ಉಗುರಿನಷ್ಟು ಶುಂಠಿ, ಬೆರಳುದ್ದ ಸೆಲರಿ, ಎರಡು ಮಂಜುಗಡ್ಡೆ ಮಿಕ್ಸಿಗೆ ಹಾಕಿ ಕೆಲವೇ ಸೆಕೆಂಡು ತಿರುಗಿಸಿ ಸೋಸಿ. ಇದೇ ಲೆಚೆ ದೆ ತಿಗ್ರೆ. ಹೆಚ್ಚು ತಿರುಗಿಸಿದರೆ ಬಿಸಿಯಾಗುತ್ತದೆ.

ಮೀನಿಗೆ ಮೊದಲು ಒಂದೂವರೆ ಟೀ ಚಮಚ ಉಪ್ಪು ಮಾತ್ರ, ಎರಡು ನಿಮಿಷ. ಆಮೇಲೆ ಬೀಜ ತೆಗೆದು ಸಣ್ಣಗೆ ಕೊಚ್ಚಿದ ಒಂದು ಅಹಿ ಲಿಮೊ ಮೆಣಸು, ಒಂದು ಹಿಡಿ ಕೊತ್ತಂಬರಿ, ಆ ರಸ, ಉಳಿದ ಲಿಂಬೆ. ಐದು ನಿಮಿಷ, ಹೆಚ್ಚೆಂದರೆ ಹತ್ತು. ಹಿಂದೆ ಇಲ್ಲೂ ಗಂಟೆಗಟ್ಟಲೆ ನೆನೆಸುತ್ತಿದ್ದರು, ಜಪಾನಿ ಮೂಲದ ಅಡುಗೆಯವರ ಕೈಯಲ್ಲಿ ಅದು ನಿಮಿಷಕ್ಕೆ ಇಳಿಯಿತು. ತುಂಡಿನ ಹೊರಗೆ ಬಿಳಿ, ನಡುವೆ ಇನ್ನೂ ಪಾರದರ್ಶಕ, ಆಗ ಬಡಿಸಬೇಕು. ತಡವಾದರೆ ಸೀಮೆಸುಣ್ಣದ ಹಾಗೆ ಪುಡಿಪುಡಿ.

ಒಂದು ದೊಡ್ಡ ಕೆಂಪು ನೀರುಳ್ಳಿಯನ್ನು ಎಳೆ ಎಳೆಯಾಗಿ ಹೆಚ್ಚಿ, ಮಂಜುನೀರಲ್ಲಿ ಐದು ನಿಮಿಷ ಇಟ್ಟು, ಬಸಿದು ಮೇಲೆ ಹರಡಿ. ಬದಿಗೆ ಬೇಯಿಸಿದ ಗೆಣಸು, ಚೊಕ್ಲೊ ಎಂಬ ದಪ್ಪ ಕಾಳಿನ ಮುಸುಕಿನ ಜೋಳ, ಕಾಂಚಾ ಎಂಬ ಹುರಿದ ಜೋಳದ ಕಾಳು. ಕರಿಬೇವಿನ ಒಗ್ಗರಣೆ ಕೊಡಬೇಕು ಅಂತ ಕೈ ಚಡಪಡಿಸುತ್ತದೆ, ಕೊಡಬೇಡಿ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಅಡುಗೆ ಇದು, ಇವರಿಗೆ ಅದರ ಬಿಂಕ ಜಾಸ್ತಿ. ಸರಿಯಾಗಿ ಮಾಡಿದವರನ್ನು ಮನೆಯವರಂತೆಯೇ ನೋಡುತ್ತಾರೆ.

ರಾತ್ರಿ ಊಟಕ್ಕೆ ಕರೆಯಬೇಡಿ, ಇದು ಮಧ್ಯಾಹ್ನದ ತಿನಿಸು. ಸೆವಿಚೆ ಹೋಟೆಲುಗಳೂ ಹೆಚ್ಚಿನವು ಸಂಜೆಗೆ ಮುಚ್ಚುತ್ತವೆ. ಉಳಿದದ್ದನ್ನು ಮರುದಿನಕ್ಕೆ ಇಡಬೇಡಿ. ಬಂದವರಲ್ಲಿ ಬಸುರಿಯರೋ ಯಕೃತ್ತಿನ ತೊಂದರೆ ಇರುವವರೋ ಇದ್ದರೆ, ಬೇಯಿಸಿ ತಣಿಸಿದ ಸಿಗಡಿಯನ್ನು ಬೇರೆ ಬೋಗುಣಿಯಲ್ಲಿ, ಮೀನಿನ ಚೂರು ಹಾಕದ ರಸದಲ್ಲಿ ಕಲಸಿ ಕೊಡಿ.