ಹುಳದ ಓದಿಗೆ ಭವಿಷ್ಯವಿದೆಯೇ?

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ಬರ ಪತ್ರ: "ಮಗಳು ಪ್ಲಸ್ ಟುವಿನಲ್ಲಿದ್ದಾಳೆ. ಮುಂದೆ ಕೀಟಶಾಸ್ತ್ರವನ್ನೇ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಹುಳ ಹಿಡಿದುಕೊಂಡು ಬದುಕಿದವರು ಯಾರಾದರೂ ಇದ್ದಾರೆಯೇ?"

ಇದ್ದಾರೆ. ಅಂಥವರೊಬ್ಬರ ಋಣ ನಿಮ್ಮ ತೋಟದ ಮೇಲೂ ಇದೆ. ಮಳೆ ಹಿಡಿಯುವ ಮೊದಲು ಮೈಲುತುತ್ತು, ಸುಣ್ಣ ಕಲಸಿ ಗೊನೆಗಳಿಗೆ ಮದ್ದು ಬಿಡಿಸುತ್ತೀರಲ್ಲ, ಆ ಬೋರ್ಡೋ ದ್ರಾವಣವನ್ನು ಕೊಳೆರೋಗಕ್ಕೆ ಒಗ್ಗಿಸಿ ಅಡಿಕೆ ಬೆಳೆಗಾರರಿಗೆ ಕೊಟ್ಟವರು ಲೆಸ್ಲಿ ಕೋಲ್ಮನ್. ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದಾಗ ಶಿಲೀಂಧ್ರಗಳ ಕೆಲಸವೂ ಕೀಟಗಳ ಕೆಲಸವೂ ಅವರೊಬ್ಬರ ತಲೆಗೇ ಬಿತ್ತು. 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು, 1934ರಲ್ಲಿ ನಿವೃತ್ತರಾದರು.

ಜೋಳದ ಮಿಡತೆಯ ಮೇಲೆ ಅವರು ಮಾಡಿದ ಕೆಲಸವನ್ನು ಮಗಳಿಗೆ ಹೇಳಿ. ಆ ಮಿಡತೆಗೆ ರೆಕ್ಕೆಯಿಲ್ಲ, ಹಾರಿ ಬೇರೆ ಊರಿಗೆ ಹೋಗಲಾರದು. ವರ್ಷಕ್ಕೆ ಒಂದೇ ಪೀಳಿಗೆ. ಮೊಟ್ಟೆ ಮಣ್ಣಿನೊಳಗೆ ಬೇಸಿಗೆ ಕಳೆದು ಮುಂಗಾರಿಗೆ ಒಡೆಯುತ್ತದೆ. ಇಷ್ಟು ತಿಳಿದರೆ, ಮೊಟ್ಟೆಯನ್ನು ಬಿಸಿಲಿಗೆ ಎತ್ತಿ ಹಾಕುವ ಬೇಸಿಗೆಯ ಉಳುಮೆಯೇ ಅರ್ಧ ಮದ್ದು. 1910ರಲ್ಲಿ ಸ್ಪೇನಿನ ವಿಜ್ಞಾನಿ ಬೊಲಿವಾರ್ ಆ ಮಿಡತೆಯ ಕುಲಕ್ಕೆ ಕೋಲ್ಮೇನಿಯಾ ಎಂದು ಹೆಸರಿಟ್ಟರು. ಭತ್ತದ ಮಿಡತೆಯ ಅಧ್ಯಯನದಲ್ಲಿ ಕೋಲ್ಮನ್ನರ ಜೊತೆಗಿದ್ದವರು ಕುಂಞಿ ಕಣ್ಣನ್, ಮೈಸೂರು ಸಂಸ್ಥಾನದ ಮೊದಲ ಭಾರತೀಯ ಕೀಟತಜ್ಞ. 1931ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಅವರನ್ನು ನಾವು ಇಷ್ಟು ಮರೆತಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಕೀಟತಜ್ಞರೆಂದರೆ ವಿಷ ಬರೆದುಕೊಡುವವರು ಎಂಬ ಭಾವನೆ ನಿಮಗಿದ್ದರೆ ಆಶ್ಚರ್ಯವಿಲ್ಲ. ಗೇರು ತೋಟದ ಟೀ ಸೊಳ್ಳೆ ಎಂಬ ರಸ ಹೀರುವ ಕೀಟಕ್ಕೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಜಿಲ್ಲೆ ನಮ್ಮದು. ಅದಕ್ಕೇ ಇಲ್ಲಿಯ ಮಕ್ಕಳು ಈ ವಿದ್ಯೆ ಕಲಿಯಬೇಕು ಎನ್ನುತ್ತೇನೆ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಯನ್ನೇ ನೋಡಿ. ಅದರ ಹುಳ ಬೆಳೆಯುವುದು ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿಯಲ್ಲಿ. ಅಲ್ಲಿಗೆ ಮೆಟಾರೈಝಿಯಂ ಎಂಬ ಶಿಲೀಂಧ್ರ ಬೆರೆಸಿದರೆ ಹುಳ ಸತ್ತು ಸೆಟೆದುಕೊಳ್ಳುತ್ತದೆ. ಮೈಮೇಲೆ ಮೊದಲು ಬಿಳಿ ಬೂಸಲು, ಆಮೇಲೆ ಕಡು ಹಸಿರು ಪುಡಿ. ಮರಕ್ಕೆ ಒಂದು ಹನಿ ವಿಷವೂ ಬೇಡ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ನಮ್ಮ ಕಾಸರಗೋಡಿನ ಸಿಪಿಸಿಆರ್‌ಐಗೆ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಮಗಳನ್ನು ಒಮ್ಮೆ ಕರೆದುಕೊಂಡು ಹೋಗಿ.

ದಾರಿ ಹೀಗಿದೆ: ಮೊದಲು ನಾಲ್ಕು ವರ್ಷದ ಬಿ.ಎಸ್ಸಿ. ಕೃಷಿ, ಕೀಟಶಾಸ್ತ್ರ ಆಯ್ದುಕೊಳ್ಳುವುದು ಎಂ.ಎಸ್ಸಿ.ಯಲ್ಲಿ. ಕೇರಳದಲ್ಲಿ ನೀಟ್ ಅಂಕ ಬೇಕು. ಕೃಷಿ ಕಾಲೇಜು ನಮ್ಮ ಜಿಲ್ಲೆಯ ಪಡನ್ನಕ್ಕಾಡಿನಲ್ಲೇ ಇದೆ. ಗಡಿನಾಡ ಕನ್ನಡಿಗರ ಮೀಸಲಾತಿಯಲ್ಲಿ ಕರ್ನಾಟಕದ ಸಿಇಟಿಗೂ ಅರ್ಜಿ ಹಾಕಿಸಿ. ಅದಕ್ಕೆ ಬೇಕಾದ ವಾಸ್ತವ್ಯ ಮತ್ತು ಮಾತೃಭಾಷೆಯ ದಾಖಲೆಗಳನ್ನು ಈಗಲೇ ಹೊಂದಿಸಿಕೊಳ್ಳಿ, ಕೊನೆಗಳಿಗೆಗೆ ಇಟ್ಟುಕೊಳ್ಳಬೇಡಿ.