ಬಡಿಸಿಸಿಕೊಂಡ ಊಟ

ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ಪತಿ ತೀರಿಕೊಂಡ ಕೆಲವು ತಿಂಗಳ ನಂತರ ಆಪ್ತಸಲಹೆಗೆಂದು ನನ್ನ ಬಳಿ ಬಂದಿದ್ದರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ). ಅವರನ್ನು ಕಾಡುತ್ತಿದ್ದುದು ಸಾವಿಗಿಂತ ಹೆಚ್ಚಾಗಿ ಒಂದು ಊಟ. ಹಸಿವೇ ಇಲ್ಲವಾಗಿದ್ದ ಆ ದಿನಗಳಲ್ಲಿ ಪಕ್ಕದ ಮನೆಯವರು ಬಿಸಿ ಅಡುಗೆಯನ್ನು ಮುಚ್ಚಿ ತಂದು, ತಾವೇ ತಟ್ಟೆಗೆ ಬಡಿಸಿ, ಏನೂ ಮಾತನಾಡದೆ ಎದುರಿಗೆ ಕುಳಿತಿದ್ದರು. ಮೊದಲ ತುತ್ತಿಗೇ ಕಣ್ಣೀರು ಬಂತು. ಅದರ ಬೆನ್ನಿಗೇ ಬಹುಕಾಲದಿಂದ ಕಾಣದ ನಿರಾಳ.

"ಅಷ್ಟು ಪ್ರಾರ್ಥನೆ ಮಾಡಿದರೂ ಸಿಗದ ಸಮಾಧಾನ ಒಂದು ತಟ್ಟೆ ಊಟದಿಂದ ಸಿಕ್ಕಿತಲ್ಲ ಮೇಡಂ, ನನ್ನ ಭಕ್ತಿ ಇಷ್ಟೇನಾ?" ಎಂದು ಕೇಳಿದರು. ನಿರಾಳವಾಗಿದ್ದಕ್ಕೆ ಪತಿಗೆ ದ್ರೋಹ ಬಗೆದಂತೆಯೂ ಅವರಿಗೆ ಅನ್ನಿಸಿತ್ತು. ಅಷ್ಟಾದರೂ ಅದೇ ಅಡುಗೆಯನ್ನು ರಾತ್ರಿ ರಾತ್ರಿ ಮಾಡಿ, ಒಬ್ಬರೇ ಉಂಡು, ಅದರಿಂದ ತಿಳಿದದ್ದೇನೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದ್ದರು. ನಿರಾಳ ಮರಳಲಿಲ್ಲ, ಉಣ್ಣುವ ಪ್ರಮಾಣ ಮಾತ್ರ ಹೆಚ್ಚುತ್ತಾ ಹೋಯಿತು.

ಕಣ್ಣೀರಿನ ಬಗ್ಗೆ ಅವರಿಗಿದ್ದ ನಾಚಿಕೆಯನ್ನು ಕಳೆಯುವುದು ಸುಲಭವಾಗಿತ್ತು. ವಾಸನೆಯ ಸಂಕೇತಗಳು ಮಿದುಳಿನಲ್ಲಿ ಭಾವನೆ ಮತ್ತು ನೆನಪಿಗೆ ಸಂಬಂಧಿಸಿದ ಭಾಗಗಳನ್ನು ಬಹುಬೇಗ ತಲುಪುವುದರಿಂದ, ಬುದ್ಧಿ ಎಚ್ಚೆತ್ತುಕೊಳ್ಳುವ ಮೊದಲೇ ಗಂಟಲು ಕಟ್ಟುವುದು ಸಹಜ. ದ್ರೋಹದ ಭಾವಕ್ಕೆ ಸಂಬಂಧಿಸಿ, ಮನೋವಿಜ್ಞಾನಿಗಳಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ 1999ರಲ್ಲಿ ಮಂಡಿಸಿದ ಮಾದರಿಯನ್ನು ವಿವರಿಸಿದೆ: ದುಃಖಿಸುವವರು ಅಗಲಿಕೆಯ ನೋವಿಗೂ ಮುಂದಿನ ಬದುಕನ್ನು ಕಟ್ಟಿಕೊಳ್ಳುವ ಕೆಲಸಕ್ಕೂ ನಡುವೆ ಹೋಗಿಬರುತ್ತಲೇ ಇರುತ್ತಾರೆ, ನಡುನಡುವೆ ಬಿಡುವೂ ಬೇಕಾಗುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಇನ್ನೊಂದು ಪ್ರಶ್ನೆ. ಆ ದಿನ ತಟ್ಟೆಯಲ್ಲಿ ಇದ್ದದ್ದೇನೆಂದು ಅವರು ವಿವರವಾಗಿ ಹೇಳಿದರು. ಬಡಿಸಿದವರು ಯಾರು, ಅದಕ್ಕೂ ಮೊದಲು ತಮಗೆ ಯಾರಾದರೂ ಬಡಿಸಿದ್ದು ಯಾವಾಗ ಎಂದು ಕೇಳಿದಾಗ ಸುಮ್ಮನಾದರು. ಕಾಯಿಲೆಯ ಪತಿಗೆ ವರ್ಷಗಟ್ಟಲೆ ಉಣಿಸಿ, ತಾವು ನಿಂತೇ ಉಂಡು ಮುಗಿಸುತ್ತಿದ್ದವರು ಅವರು. ಪ್ರಾರ್ಥನೆಯನ್ನೂ ಮಾಡಿ ಮುಗಿಸಬೇಕಾದ ಕೆಲಸಗಳ ಸಾಲಿಗೇ ಸೇರಿಸಿಕೊಂಡಿದ್ದರು. ಆ ಊಟದಲ್ಲಿ ಮಾತ್ರ ಅವರು ಏನನ್ನೂ ಮಾಡಬೇಕಿರಲಿಲ್ಲ, ಸ್ವೀಕರಿಸಿದರೆ ಸಾಕಿತ್ತು. ಒಬ್ಬರೇ ಬೇಯಿಸಿಕೊಂಡು ಉಂಡಾಗ ಅದು ಮರುಕಳಿಸದಿದ್ದುದಕ್ಕೆ ಕಾರಣವೂ ಇಲ್ಲಿಯೇ ಇತ್ತೆಂದು ನನ್ನ ಅಭಿಪ್ರಾಯ.

ನೀಡಿದ ಸಲಹೆ ದೊಡ್ಡದೇನಲ್ಲ. ನೋಟ್‌ಬುಕ್ಕನ್ನು ಸದ್ಯಕ್ಕೆ ಬದಿಗಿಡಿ, ಪ್ರತಿ ತುತ್ತಿನಿಂದಲೂ ಪಾಠ ಹಿಂಡಲು ಹೊರಟರೆ ಊಟವೂ ಪರೀಕ್ಷೆಯಾಗುತ್ತದೆ ಎಂದೆ. ದಿನಕ್ಕೆ ಒಂದು ಹೊತ್ತಾದರೂ ಕುಳಿತು, ಫೋನು ದೂರವಿಟ್ಟು ಉಣ್ಣುವುದು. ಆಗಾಗ ಪಕ್ಕದ ಮನೆಯವರ ಜೊತೆ ಉಣ್ಣುವುದು, ಅವರು ಬಡಿಸಲು ಬಂದರೆ ಸೌಟು ಕಿತ್ತುಕೊಳ್ಳದಿರುವುದು. ಉಂಡ ಮೇಲೆ ಪತಿಯ ನೆನಪನ್ನು ಎದುರಿಸಲು ಸ್ವಲ್ಪ ಬಲ ಬಂದಿದೆಯೇ, ಅಥವಾ ನೆನಪನ್ನು ಮುಚ್ಚಿಹಾಕಲೆಂದೇ ಉಂಡದ್ದೇ ಎಂದು ತಮ್ಮನ್ನೇ ಕೇಳಿಕೊಳ್ಳುವಂತೆಯೂ ತಿಳಿಸಿದೆ. ಎರಡನೆಯದೇ ಹೆಚ್ಚಾಗಿ, ತೂಕ ಏರಿದರೆ ಅಥವಾ ನಿದ್ದೆ ಕೆಟ್ಟರೆ ವೈದ್ಯರನ್ನು ಕಾಣಬೇಕೆಂದು ಸ್ಪಷ್ಟಪಡಿಸಿದೆ.

ಆ ಸಮಾಧಾನ ದೇವರು ಕೊಟ್ಟದ್ದೇ ಎಂಬ ಪ್ರಶ್ನೆಗೆ ಉತ್ತರಿಸುವುದು ಆಪ್ತಸಲಹೆಗಾರರ ಕೆಲಸವಲ್ಲ. ಅದನ್ನು ಅವರು ನಂಬುವ ಗುರುಗಳ ಬಳಿ ಕೇಳುವಂತೆ ಹೇಳಿದೆ. ಮುಂದಿನ ಭೇಟಿಯಲ್ಲಿ, ಪಕ್ಕದ ಮನೆಯಲ್ಲಿ ಎರಡನೆಯ ಸಲ ಬಡಿಸಲು ಬಂದಾಗ ಬೇಡವೆನ್ನಲಿಲ್ಲವೆಂದು ತಿಳಿಸಿದರು. ಪ್ರಾರ್ಥನೆ ಇನ್ನೂ ಒಣಗಿದಂತೆಯೇ ಇದೆಯಂತೆ. ಆ ಬಗ್ಗೆ ಮಾತುಕತೆ ಮುಂದುವರಿದಿದೆ.